ಅಳಿವೆಯ ಕಸ ಎತ್ತಲು ಕುಮಟಾಕ್ಕೆ ಹೋಗಬೇಕಾ, ಇಲ್ಲ ನಮ್ಮ ಹೊಳೆಯಲ್ಲೇ ಇಳಿಯಬೇಕಾ?

ಗಂಗಾವತಿ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಗಂಗಾವತಿಯ ಡಿಗ್ರಿ ವಿದ್ಯಾರ್ಥಿಗಳು. ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಸ್ನೇಹಿತರಾದವರು, ಈಗ ಒಂದು ಗುಂಪು ಮಾಡಿಕೊಂಡು ರಜೆ ಸಿಕ್ಕಾಗ ಊರ ಕೆಲಸ ಮಾಡುತ್ತೇವೆ. ಪ್ರತಿ ವರ್ಷ ಸೆಪ್ಟೆಂಬರ್ ಮೂರನೇ ಶನಿವಾರ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನ ಇರುತ್ತದಲ್ಲ, ಈ ಸಲ ಅದಕ್ಕೆ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಗೆ ಹೋಗೋಣ ಅಂತ ಮಾತಾಯಿತು. ನದಿ ಸಮುದ್ರ ಸೇರುವ ಕಡೆ ಕಸ ಹೇಗೆ ಸಿಕ್ಕಿಕೊಳ್ಳುತ್ತದೆ ಅಂತ ಒಂದು ವಿಡಿಯೊ ನೋಡಿದ್ದೆವು. ಅವತ್ತಿನಿಂದ ಅದೇ ತಲೆಯಲ್ಲಿ ಕೂತಿದೆ.

ಆದರೆ ಗುಂಪಿನಲ್ಲೇ ಎರಡು ಮಾತಾಗಿದೆ. ಅರ್ಧ ಜನ ಹೋಗೋಣ ಅಂತಾರೆ. ಉಳಿದವರು "ಮೊದಲು ಕಂಪ್ಲಿ ಸೇತುವೆ ನೋಡು" ಅಂತಾರೆ. ತುಂಗಭದ್ರಾ ಡ್ಯಾಂನಿಂದ ಜಾಸ್ತಿ ನೀರು ಬಿಟ್ಟಾಗ ಆ ಸೇತುವೆ ಮುಳುಗುತ್ತದೆ, ನೀರು ಇಳಿದ ಮೇಲೆ ಕಂಬಿಗೆ ಏನೇನು ಸುತ್ತಿಕೊಂಡಿರುತ್ತದೆ ಅಂತ ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ಅಂತರಗಂಗೆಯ ಬೇರು, ಅದರೊಳಗೆ ಹಾಲಿನ ಕವರ್, ಗುಟ್ಕಾ ಚೀಟಿ, ಒಂಟಿ ಚಪ್ಪಲಿ, ಹರಿದ ಸೀರೆ. ನಾನು ನಿಂತು ಒಂದು ಮುದ್ದೆ ಬಿಡಿಸಿ ನೋಡಿದೆ. ಹೊರಗೆ ಬರೀ ಬೇರು ಮತ್ತು ಕೆಸರು ಕಾಣುತ್ತಿತ್ತು. ಒಳಗೆ ಶಾಂಪೂ ಪ್ಯಾಕೆಟ್‌ಗಳು ಒಂದರೊಳಗೊಂದು ಮಡಚಿಕೊಂಡಿದ್ದವು, ನಡುವೆ ಥರ್ಮಾಕೋಲ್ ಕಾಳುಗಳು. ಕೈಯಲ್ಲಿ ಹಿಸುಕಿದರೆ ಆ ಕಾಳು ಇನ್ನೂ ಸಣ್ಣದಾಗಿ ಉದುರುತ್ತದೆ.

ಹಾಗಾಗಿ ತಿಳಿದವರು ಹೇಳಿ. ನಮ್ಮ ತುಂಗಭದ್ರೆಗೆ ಬಿದ್ದ ಕಸ ನಿಜವಾಗಿ ಸಮುದ್ರದವರೆಗೆ ಹೋಗುತ್ತದಾ, ಇಲ್ಲ ಸುಮ್ನೆ ಭಾಷಣದಲ್ಲಿ ಹೇಳುವ ಮಾತಾ? ಅಳಿವೆಯಲ್ಲಿ ಕಸ ಎತ್ತುವುದಕ್ಕೂ ಬೀಚಿನಲ್ಲಿ ಎತ್ತುವುದಕ್ಕೂ ಏನು ವ್ಯತ್ಯಾಸ? ಇಲ್ಲೇ ಕೆಲಸ ಮಾಡುವುದಾದರೆ ಎಲ್ಲಿ ನಿಂತರೆ ಉಪಯೋಗ? ಯಾರಾದರೂ ಅಲ್ಲಿಯವರು ಇದ್ದರೆ ದಯವಿಟ್ಟು ಬರೆಯಿರಿ.

ಕುಮಟಾದವ, ಈಗ ತೋರಣಗಲ್ಲು

ತಂಗಿ, ನಾನು ಬೆಳೆದಿದ್ದು ಅಘನಾಶಿನಿ ದಂಡೆಯಲ್ಲೇ, ಕೆಲಸಕ್ಕೆ ಅಂತ ಈಗ ತೋರಣಗಲ್ಲಿನಲ್ಲಿದ್ದೇನೆ. ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು, ಸ್ವಲ್ಪ ಉದ್ದ ಬರೆಯುತ್ತೇನೆ.

ಅಘನಾಶಿನಿ ಶಿರಸಿ ಕಡೆ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ತದಡಿ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಮಾನ್ಯತೆ ಸಿಕ್ಕಿತು. ಅದೇ ದಿನ ಅದೇ ಪಟ್ಟಿಯಲ್ಲಿ ನಿಮ್ಮ ಪಕ್ಕದ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಪಕ್ಷಿಧಾಮವೂ ಇತ್ತು, ಗದಗ ಜಿಲ್ಲೆಯ ಮಾಗಡಿ ಕೆರೆಯೂ ಇತ್ತು. ಅಂಕಸಮುದ್ರ ತುಂಬುವುದು ತುಂಗಭದ್ರಾ ಹಿನ್ನೀರಿನ ಕಡೆಯಿಂದ. ಇದನ್ನು ನಿಮ್ಮ ಗುಂಪಿನ ಎರಡೂ ಕಡೆಯವರಿಗೆ ಹೇಳಿ.

ಈಗ ವ್ಯತ್ಯಾಸದ ವಿಷಯ. ಬೀಚಿನಲ್ಲಿ ಕಸ ಮರಳಿನ ಮೇಲೆ ಕಾಣುತ್ತದೆ, ಎತ್ತಿದರೆ ಮುಗಿಯಿತು. ಅಳಿವೆಯಲ್ಲಿ ಹಾಗಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ನದಿ ತಂದ ಕಸವನ್ನು ಇಳಿತ ಹೊರಗೆ ಒಯ್ಯುತ್ತದೆ, ಉಬ್ಬರ ಮತ್ತೆ ಒಳಗೆ ತರುತ್ತದೆ. ಅದು ಹೋಗಿ ಕೂರುವುದು ಕಾಂಡ್ಲಾ ಗಿಡದ ಬೇರಿನಲ್ಲಿ. ಕಾಂಡ್ಲಾ ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್. ಕೆಲವು ಕಾಂಡ್ಲಾ ಜಾತಿಯಲ್ಲಿ ಕೆಸರಿನಿಂದ ಬೆರಳುದ್ದದ ಕಡ್ಡಿಗಳು ಮೇಲೆ ನಿಂತಿರುತ್ತವೆ, ಅವು ಉಸಿರಾಡುವ ಬೇರು. ಪ್ಲಾಸ್ಟಿಕ್ ಕವರ್ ಹರಡಿ ಕೂತರೆ ಆ ಬೇರಿಗೆ ಗಾಳಿ ಸಿಗುವುದಿಲ್ಲ. ಕೆಳಗಿನ ಕೆಸರಿನಲ್ಲಿ ಏಡಿ, ಸೀಗಡಿ ಮರಿ, ಬಳಚು. ಬಳಚು ಅಂದರೆ ಚಿಪ್ಪಿನ ಜೀವಿ, ಕುಮಟಾ ಕಡೆ ಎಷ್ಟೋ ಮನೆಗಳ ಒಲೆ ಉರಿಯುವುದೇ ಇದರಿಂದ. ಇಳಿತದ ಹೊತ್ತಿನಲ್ಲಿ ಹೆಂಗಸರು, ಗಂಡಸರು ನೀರಿಗೆ ಇಳಿದು ಕೈಯಿಂದ, ಕಾಲಿನಿಂದ ಹುಡುಕಿ ತೆಗೆಯುತ್ತಾರೆ. ಬಳಚು ನೀರನ್ನು ಸೋಸಿ ತಿನ್ನುವ ಪ್ರಾಣಿ. ನೀರಿನಲ್ಲಿ ಸಣ್ಣ ಪ್ಲಾಸ್ಟಿಕ್ ಪುಡಿ ಇದ್ದರೆ ಅದನ್ನೂ ಸೋಸಿಕೊಳ್ಳುತ್ತದೆ.

ಹಾಗಾಗಿ ಬರುವುದಾದರೆ ಕೆಲವು ಮಾತು. ಕಾಂಡ್ಲಾ ಒಳಗೆ ನಡೆದಾಡುವವರು ಕಡಿಮೆ ಇದ್ದಷ್ಟೂ ಒಳ್ಳೆಯದು, ಕಾಲಿಟ್ಟಲ್ಲೆಲ್ಲ ಉಸಿರು ಬೇರು ಮುರಿಯುತ್ತದೆ. ಹಗ್ಗ, ಬಲೆ ಸುತ್ತಿಕೊಂಡಿದ್ದರೆ ಎಳೆಯಬೇಡಿ, ಗಿಡವೇ ಕಿತ್ತು ಬರುತ್ತದೆ. ಸಣ್ಣ ಕತ್ತಿ ತಂದು ತುಂಡು ಮಾಡಿ ಬಿಡಿಸಿ. ಬರಿಗಾಲಲ್ಲಿ ಇಳಿಯಲೇಬೇಡಿ, ಕಲ್ಲಿಗೆ ಅಂಟಿದ ಚಿಪ್ಪು ಬ್ಲೇಡ್ ತರಹ ಕೊಯ್ಯುತ್ತದೆ. ಬೆಂಕಿ ಹಾಕುವುದಂತೂ ಬೇಡವೇ ಬೇಡ. ಮೀನುಗಾರರ ಬಲೆ ದಡದಲ್ಲಿ ಒಣಗಿಸಲು ಹಾಕಿದ್ದನ್ನು ಕಸ ಅಂತ ತುಂಬಿಕೊಂಡು ಹೋದವರೂ ಇದ್ದಾರೆ, ಕೇಳದೆ ಏನನ್ನೂ ಎತ್ತಬೇಡಿ.

ಎಲ್ಲಕ್ಕಿಂತ ಮುಖ್ಯ, ಎತ್ತಿದ ಕಸ ಸಂಜೆಗೆ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ದೂರದಿಂದ ಬಂದ ಒಂದು ತಂಡ ನಮ್ಮೂರಲ್ಲಿ ಚೀಲ ತುಂಬಿಸಿ ದಡದಲ್ಲೇ ಸಾಲಾಗಿ ಇಟ್ಟು ಫೋಟೊ ತೆಗೆದು ಬಸ್ ಹತ್ತಿತು. ರಾತ್ರಿ ಉಬ್ಬರಕ್ಕೆ ಅರ್ಧ ಚೀಲ ಮತ್ತೆ ನೀರಿಗೆ ಹೋಯಿತು. ಗ್ರಾಮ ಪಂಚಾಯಿತಿಯ ಸ್ವಚ್ಛವಾಹಿನಿ ಗಾಡಿ ಬರುತ್ತದಾ, ಪಂಚಾಯಿತಿಯ ಕಸ ವಿಂಗಡಿಸುವ ಸ್ವಚ್ಛ ಸಂಕೀರ್ಣದಲ್ಲಿ ತೆಗೆದುಕೊಳ್ಳುತ್ತಾರಾ ಅಂತ ಪಿಡಿಒ ಹತ್ತಿರ ಮಾತಾಡಿಯೇ ಬನ್ನಿ.

ಕಾಲುವೆ ಕಡೆಯವ, ಮುನಿರಾಬಾದ್

ತಮ್ಮಂದಿರಾ, ತಂಗಿಯರಾ, ನಾನು ಎಡದಂಡೆ ಕಾಲುವೆ ಮೇಲೆ ಗ್ಯಾಂಗ್‌ಮನ್ ಆಗಿ ದುಡಿದವನು. ಈಗ ಮನೆಯಲ್ಲಿದ್ದೇನೆ. ಕಸ ಎಲ್ಲಿಗೆ ಹೋಗುತ್ತದೆ ಅಂತ ಪುಸ್ತಕ ಓದಿ ಹೇಳುವುದಿಲ್ಲ, ನೋಡಿದ್ದನ್ನೇ ಹೇಳುತ್ತೇನೆ.

ಡ್ಯಾಂ ಮುಗಿದಿದ್ದು 1953ರಲ್ಲಿ. ಆವಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105 ಚಿಲ್ಲರೆ ಟಿಎಂಸಿ. ಹೂಳು ಕೂರುವ ಜಾಗದಲ್ಲಿ ಕಸ ಕೂರುವುದಿಲ್ಲವಾ? ಮೇಲಿನ ಊರುಗಳಿಂದ ಬಂದಿದ್ದರಲ್ಲಿ ಭಾರದ್ದು ಹಿನ್ನೀರಿನಲ್ಲೇ ತಳ ಸೇರುತ್ತದೆ. ತೇಲುವುದು ಗೇಟಿನ ಹತ್ತಿರ ಬಂದು ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಿತ್ತು ಹೋದಾಗ, ಉಳಿದ ಗೇಟುಗಳನ್ನೂ ತೆಗೆದು ನೀರು ಬಿಟ್ಟರಲ್ಲ, ಆಗ ಕೆಳಗಿನ ದಂಡೆಗಳ ಕಸವೆಲ್ಲ ಒಂದೇ ಸಲ ತೊಳೆದುಕೊಂಡು ಹೋಯಿತು. ಎಲ್ಲಿಗೆ ಹೋಯಿತು? ಮುಂದಿನ ಊರಿಗೆ.

ನಮ್ಮ ಭಾಗದ ಕಸದಲ್ಲಿ ದೊಡ್ಡ ಪಾಲು ಹೊಳೆಗಿಂತ ಮೊದಲು ಕಾಲುವೆಗೆ ಬೀಳುತ್ತದೆ. ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್, ಕೊಪ್ಪಳ ಜಿಲ್ಲೆ ದಾಟಿ ರಾಯಚೂರುವರೆಗೆ. ದಾರಿಯಲ್ಲಿ ಎಷ್ಟು ಊರು, ಎಷ್ಟು ಕ್ಯಾಂಪು. ಕಾಲುವೆ ಏರಿ ಮೇಲೆ ನಿಂತು ಬುಟ್ಟಿ ಸುರಿಯುವುದು ಕೆಲವು ಕಡೆ ದಿನದ ರೂಢಿ. ಮದುವೆ ಮುಗಿದ ಮರುದಿನ ಪೇಪರ್ ಪ್ಲೇಟು, ನೀರಿನ ಗ್ಲಾಸು ಮೂಟೆಗಟ್ಟಲೆ ಬರುತ್ತದೆ. ಅದು ಉಪಕಾಲುವೆಗೆ ತಿರುಗಿ ತೂಬಿಗೆ ಬಂದು ಸಿಕ್ಕಿಕೊಳ್ಳುತ್ತದೆ. ತೂಬು ಕಟ್ಟಿದರೆ ಕೊನೆಭಾಗದ ರೈತನಿಗೆ ನೀರು ಮುಟ್ಟುವುದಿಲ್ಲ. ಮಾನ್ವಿ, ಸಿರವಾರ ಕಡೆಯವರು ನೀರಿಗಾಗಿ ರಸ್ತೆಗಿಳಿಯುವ ವರ್ಷಗಳಲ್ಲಿ ಇದನ್ನು ಯಾರೂ ಮಾತಾಡುವುದಿಲ್ಲ. ಮೇಲಿನವರು ಜಾಸ್ತಿ ನೀರು ಎಳೆಯುವುದು ನಿಜ. ಜೊತೆಗೆ ತೂಬಿನ ಬಾಯಲ್ಲಿ ಒಂದು ಗೋಣಿಚೀಲದಷ್ಟು ಪ್ಲಾಸ್ಟಿಕ್ ಕೂತಿರುವುದೂ ನಿಜ.

ಇನ್ನೊಂದು ತೊಂದರೆ ಔಷಧಿ ಬಾಟಲಿ. ಭತ್ತಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ, ಪ್ಯಾಕೆಟ್. ಸ್ಪ್ರೇ ಮುಗಿಸಿ ಅಲ್ಲೇ ಹೊಲಗಾಲುವೆಯಲ್ಲಿ ಅದ್ದಿ ತೊಳೆದು ಬದುವಿಗೆ ಎಸೆಯುತ್ತಾರೆ. ಗದ್ದೆಯ ಹೆಚ್ಚಿನ ನೀರು ಹಳ್ಳ ಹಿಡಿದು ತಿರುಗಿ ತುಂಗಭದ್ರೆಗೇ ಬರುತ್ತದೆ, ಬಾಟಲಿಯೂ ಬರುತ್ತದೆ. ಮುಚ್ಚಳ ಹಾಕಿದ್ದರಂತೂ ಎಷ್ಟು ದೂರ ಬೇಕಾದರೂ ತೇಲುತ್ತದೆ.

ಸಮುದ್ರಕ್ಕೆ ಹೋಗುತ್ತದಾ ಅಂದರೆ ದಾರಿ ಲೆಕ್ಕ ಹಾಕಿ. ಇಲ್ಲಿಂದ ರಾಜೋಳಿಬಂಡ ಆಣೆಕಟ್ಟು, ಸುಂಕೇಸುಲ ಬ್ಯಾರೇಜು, ಕರ್ನೂಲು, ಆಲಂಪುರದ ಹತ್ತಿರ ಕೃಷ್ಣೆಗೆ ಸಂಗಮ, ಮುಂದೆ ಶ್ರೀಶೈಲ, ನಾಗಾರ್ಜುನ ಸಾಗರ, ಪುಲಿಚಿಂತಲ, ವಿಜಯವಾಡದ ಪ್ರಕಾಶಂ ಬ್ಯಾರೇಜು. ಒಂದೊಂದರಲ್ಲೂ ಕಸ ನಿಲ್ಲುತ್ತದೆ. ಎಲ್ಲಾ ಹೋಗುತ್ತದೆ ಅಂತ ಹೇಳುವುದು ಸರಿಯಲ್ಲ. ಏನೂ ಹೋಗುವುದಿಲ್ಲ ಅನ್ನುವುದೂ ಸರಿಯಲ್ಲ.

ವಿಜ್ಞಾನ ಮೇಷ್ಟ್ರು, ಬಳ್ಳಾರಿ

ಗ್ಯಾಂಗ್‌ಮನ್ ಅಣ್ಣನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಯಾವ ಪ್ಲಾಸ್ಟಿಕ್ ಎಷ್ಟು ದೂರ ಹೋಗುತ್ತದೆ ಅನ್ನುವುದು ಅದು ತೇಲುತ್ತದಾ ಮುಳುಗುತ್ತದಾ ಅನ್ನುವುದರ ಮೇಲೆ ಇದೆ. ಕ್ಯಾರಿಬ್ಯಾಗು, ಹಾಲಿನ ಕವರ್, ಬಾಟಲಿ ಮುಚ್ಚಳ ಪಾಲಿಥಿನ್ ಅಥವಾ ಪಾಲಿಪ್ರೊಪಿಲಿನ್‌ನಿಂದ ಮಾಡಿದ್ದು. ಇವು ನೀರಿಗಿಂತ ಹಗುರ. ನೀರಿನ ಬಾಟಲಿ ಪೆಟ್ ಅನ್ನುವ ಬೇರೆ ಪ್ಲಾಸ್ಟಿಕ್, ಅದು ನೀರಿಗಿಂತ ಭಾರ. ಮುಚ್ಚಳ ಇದ್ದರೆ ಗಾಳಿ ತುಂಬಿಕೊಂಡು ತೇಲುತ್ತದೆ, ಮುಚ್ಚಳ ಹೋದರೆ ನೀರು ಹೊಕ್ಕು ತಳ ಸೇರುತ್ತದೆ. ಪಾಲಿಯೆಸ್ಟರ್ ಬಟ್ಟೆ, ನೈಲಾನ್ ಬಲೆ ಎರಡೂ ಮುಳುಗುವಂಥವು.

ಅಳಿವೆಯಲ್ಲಿ ಇದು ಇನ್ನೂ ಗಂಭೀರ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಗಾಗಿ ಮೇಲ್ಗಡೆ ನದಿನೀರು ಸಮುದ್ರದ ಕಡೆ ಹೋಗುತ್ತಿದ್ದರೆ ಕೆಳಗಡೆ ಉಪ್ಪುನೀರು ಒಳಗೆ ನುಗ್ಗುತ್ತಿರುತ್ತದೆ. ತಳಕ್ಕೆ ಇಳಿದ ಕಸ ಹೊರಗೆ ಹೋಗುವ ಬದಲು ಒಳಗೇ ತಳ್ಳಿಸಿಕೊಂಡು ಬಂದು ಕೆಸರಿನ ಜೊತೆ ಕೂರುತ್ತದೆ. ಅಳಿವೆಯನ್ನು ಬರೀ ಕಣ್ಣಿಗೆ ಕಾಣುವ ಕಸ ನೋಡಿ ಅಳೆಯಬಾರದು ಅನ್ನುವುದು ಇದಕ್ಕೇ. ಬಿಸಿಲು, ಅಲೆಗೆ ಮುರಿದು 5 ಮಿಲಿಮೀಟರ್‌ಗಿಂತ ಸಣ್ಣದಾದರೆ ಮೈಕ್ರೊಪ್ಲಾಸ್ಟಿಕ್ ಅಂತ ಕರೆಯುತ್ತಾರೆ. ಆ ಹಂತಕ್ಕೆ ಬಂದಿದ್ದನ್ನು ಯಾವ ಸ್ವಯಂಸೇವಕನೂ ಎತ್ತಲಾರ. ಡ್ಯಾಂಗಳ ಹಿಂದೆ ನಿಂತ ಕಸವೂ ವರ್ಷಗಟ್ಟಲೆ ಬಿಸಿಲಿನಲ್ಲಿ ಇದ್ದು ಇದೇ ಪುಡಿ ಆಗುತ್ತದೆ, ಪುಡಿಗೆ ಗೇಟು ದಾಟುವುದು ಕಷ್ಟವಲ್ಲ.

ಇನ್ನೊಂದು ವಿಷಯ. ಮೊದಲು ಕೆಲವೇ ದೊಡ್ಡ ನದಿಗಳು ಸಮುದ್ರಕ್ಕೆ ಹೆಚ್ಚಿನ ಪ್ಲಾಸ್ಟಿಕ್ ಒಯ್ಯುತ್ತವೆ ಅಂತ ನಂಬಿದ್ದರು. 2021ರಲ್ಲಿ ಬಂದ ದೊಡ್ಡ ಅಧ್ಯಯನ ಅದನ್ನು ಬದಲಿಸಿತು. ನದಿಗಳಿಂದ ಸಮುದ್ರಕ್ಕೆ ಹೋಗುವ ಪ್ಲಾಸ್ಟಿಕ್‌ನಲ್ಲಿ ಶೇ 80ರಷ್ಟು ಸಾವಿರಕ್ಕೂ ಹೆಚ್ಚು ನದಿಗಳಿಂದ ಬರುತ್ತದೆ, ಅದರಲ್ಲಿ ಕರಾವಳಿ ಪಟ್ಟಣಗಳ ನಡುವೆ ಹರಿಯುವ ಸಣ್ಣ ನದಿಗಳ ಪಾಲು ಬಹಳ ಅಂತ ಅದು ತೋರಿಸಿತು. ಅಂದರೆ ಸಮುದ್ರಕ್ಕೆ ಹತ್ತಿರದ ಊರಿನ ಕಸ ಬೇಗ ಮುಟ್ಟುತ್ತದೆ, ನಮ್ಮದು ದಾರಿಯಲ್ಲೇ ಹೆಚ್ಚು ಉಳಿಯುತ್ತದೆ. ನನ್ನ ಪ್ರಕಾರ ಅದು ಸಮಾಧಾನದ ಸುದ್ದಿ ಅಲ್ಲ. ದಾರಿಯಲ್ಲಿ ಉಳಿಯುವುದು ಅಂದರೆ ನಮ್ಮ ಗದ್ದೆಯಲ್ಲಿ, ನಮ್ಮ ಕುಡಿಯುವ ನೀರಿನ ಕೆರೆಯಲ್ಲಿ ಉಳಿಯುವುದು.

ದೇವಸೂಗೂರು ರಸ್ತೆ, ರಾಯಚೂರು

ನನ್ನ ಅತ್ತೆಮನೆ ಆಂಧ್ರದ ಅವನಿಗಡ್ಡ ಕಡೆ, ದಿವಿಸೀಮೆ ಅಂತಾರಲ್ಲ, 1977ರ ಚಂಡಮಾರುತದಲ್ಲಿ ಸರ್ವನಾಶ ಆದ ಭಾಗ. ಕೃಷ್ಣೆಯ ಒಂದು ಕವಲು ಹಂಸಲದೀವಿ ಹತ್ತಿರ ಬಂಗಾಳಕೊಲ್ಲಿ ಸೇರುತ್ತದೆ. ಹಾಗಾಗಿ ನಾನು ನದಿಯನ್ನು ರಾಯಚೂರಿನಲ್ಲೂ ನೋಡುತ್ತೇನೆ, ಕೊನೆಯಲ್ಲೂ ನೋಡುತ್ತೇನೆ.

ಪ್ರಕಾಶಂ ಬ್ಯಾರೇಜಿನಿಂದ ಕೆಳಗೆ ನೀರು ಬಿಡುವುದೇ ಪ್ರವಾಹ ಬಂದಾಗ. ಒಣ ವರ್ಷದಲ್ಲಿ ಕೊನೆಯ ಭಾಗಕ್ಕೆ ನದಿನೀರು ಬರುವುದೇ ಕಡಿಮೆ, ಸಮುದ್ರದ ನೀರೇ ಒಳಗೆ ಬಂದು ನಿಲ್ಲುತ್ತದೆ. ಆಗ ಅಳಿವೆಯಲ್ಲಿ ಕಾಣುವ ಕಸ ಬಹುತೇಕ ಅಲ್ಲಿನ ಊರು, ಕಾಲುವೆ, ಸಿಗಡಿ ಕೆರೆಗಳದ್ದು. ಪ್ರವಾಹದ ವರ್ಷ ಬೇರೆ ಕಥೆ. ಅಂತರಗಂಗೆಯ ದೊಡ್ಡ ದೊಡ್ಡ ಚಾಪೆಗಳು ತೇಲಿ ಬರುತ್ತವೆ. ಕಂಪ್ಲಿ ಸೇತುವೆಯಲ್ಲಿ ನೀವು ಬಿಡಿಸಿದ ಮುದ್ದೆಯಂಥದ್ದೇ, ಆದರೆ ಅಂಗಳದಷ್ಟು ಅಗಲ. ಉಪ್ಪುನೀರು ತಾಗಿದ ಮೇಲೆ ಅಂತರಗಂಗೆ ಬದುಕುವುದಿಲ್ಲ. ಗಿಡ ಕೊಳೆತು ಹೋಗುತ್ತದೆ, ಒಳಗಿದ್ದ ಪ್ಲಾಸ್ಟಿಕ್ ಬಿಚ್ಚಿಕೊಂಡು ಕಾಂಡ್ಲಾ ಕಾಡಿಗೆ ಹೋಗುತ್ತದೆ. ಅಲ್ಲಿ ಕೃಷ್ಣಾ ಅಭಯಾರಣ್ಯ ಇದೆ, ಮೀನು ಹಿಡಿಯುವ ಬೆಕ್ಕು ಇರುವ ಕಾಡು. ಆ ಕರಾವಳಿಗೆ ಕಡಲಾಮೆ ಮೊಟ್ಟೆ ಇಡಲು ಬರುತ್ತವೆ. ಹರಿದ ಬಲೆಗೆ ಸಿಕ್ಕು ಸತ್ತ ಆಮೆಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ಕತ್ತಿನ ಸುತ್ತ ನೈಲಾನ್ ದಾರ ಮಾಂಸದೊಳಗೆ ಹೋಗಿತ್ತು. ನೋಡಿ ಎರಡು ದಿನ ಊಟ ಸೇರಲಿಲ್ಲ.

ಅಲ್ಲಿನ ಬೆಸ್ತರನ್ನು ಕೇಳಿದರೆ ಅವರಿಗೆ ಕಸದ ಮೇಲೆ ನಮಗಿಂತ ಜಾಸ್ತಿ ಸಿಟ್ಟು. ಬಲೆ ಎಳೆದರೆ ಮೀನಿನ ಜೊತೆ ಕವರ್ ಬರುತ್ತದೆ. ಅದನ್ನು ಆರಿಸುವ ಹೊತ್ತು, ಬಲೆ ಹರಿದ ಖರ್ಚು ಎಲ್ಲಾ ಅವರದ್ದೇ. ದಡಕ್ಕೆ ತಂದರೆ ತೆಗೆದುಕೊಳ್ಳುವವರಿಲ್ಲ, ಹಾಗಾಗಿ ಮತ್ತೆ ನೀರಿಗೇ ಹಾಕುತ್ತಾರೆ. ಕೇರಳದಲ್ಲಿ ಇದಕ್ಕೆ ಒಂದು ದಾರಿ ಮಾಡಿದರು. 2017ರಲ್ಲಿ ಕೊಲ್ಲಂ ಹತ್ತಿರ ನೀಂಡಕರ ಬಂದರಿನಲ್ಲಿ ಶುಚಿತ್ವ ಸಾಗರಂ ಅಂತ ಯೋಜನೆ ಶುರುವಾಯಿತು. ದೋಣಿಯವರಿಗೆ ಚೀಲ ಕೊಟ್ಟರು, ಬಲೆಗೆ ಸಿಕ್ಕ ಪ್ಲಾಸ್ಟಿಕ್ ಅದರಲ್ಲಿ ತುಂಬಿ ತಂದರೆ ಬಂದರಿನಲ್ಲಿ ತೊಳೆದು, ಆರಿಸಿ, ಪುಡಿ ಮಾಡಿ ರಸ್ತೆಗೆ ಹಾಕುವ ವ್ಯವಸ್ಥೆ. ಆರಿಸುವ ಕೆಲಸ ಮೀನುಗಾರರ ಮನೆಯ ಹೆಂಗಸರಿಗೇ ಸಿಕ್ಕಿತು. ಸಮುದ್ರದ ಕಸಕ್ಕೆ ಇದಕ್ಕಿಂತ ಸರಳವಾದ ಉಪಾಯ ನನಗೆ ಕಂಡಿಲ್ಲ. ಹೇಗೂ ಬಲೆ ಎಳೆಯುವವರ ಕೈಗೆ ಒಂದು ಚೀಲ, ಬಂದರಿನಲ್ಲಿ ಒಂದು ಶೆಡ್ಡು. ಅಷ್ಟೇ.

ಹೊಸೂರಿನವ

ಇಷ್ಟೆಲ್ಲ ಮಾತಾಡಿ ಏನು ಪ್ರಯೋಜನ? ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ನಿಷೇಧ ಆಯಿತು. 2022ರ ಜುಲೈ 1ರಿಂದ ದೇಶಕ್ಕೇ ಒಂದೇ ಸಲ ಬಳಸುವ ಕೆಲವು ಪ್ಲಾಸ್ಟಿಕ್ ವಸ್ತುಗಳ ನಿಷೇಧ. ಕ್ಯಾರಿಬ್ಯಾಗು 120 ಮೈಕ್ರಾನ್‌ಗಿಂತ ತೆಳುವಾಗಿರಬಾರದು ಅಂತ ನಿಯಮ. ಸಂತೆಗೆ ಹೋಗಿ ನೋಡಿ, ಎಲ್ಲಾ ತೆಳ್ಳನೆಯದೇ. ತಯಾರಿಸುವಲ್ಲಿ ನಿಲ್ಲಿಸದೆ ಹುಡುಗರನ್ನು ಕೆಸರಿಗೆ ಇಳಿಸುವುದು ನನಗೆ ಸರಿ ಕಾಣುವುದಿಲ್ಲ.

ಹುಲಿಗಿ ದಂಡೆಯವಳು

ಹೊಸೂರಿನ ಅಣ್ಣಾ, ನಿಮ್ಮ ಸಿಟ್ಟು ಸರಿಯೇ. ತಯಾರಿಸುವಲ್ಲಿ ನಿಲ್ಲಲೇಬೇಕು. ಆದರೆ ಅಲ್ಲಿ ನಿಲ್ಲುವವರೆಗೂ ದಂಡೆಯಲ್ಲಿ ಇರುವವರು ನಾವು ಏನು ಮಾಡೋಣ ಹೇಳಿ. ನಾನು ಹುಲಿಗಿಯಲ್ಲಿ ಹೂವು, ಕಾಯಿ ಮಾರುತ್ತೇನೆ. ಹುಣ್ಣಿಮೆ ಬಂದರೆ, ಮಂಗಳವಾರ, ಶುಕ್ರವಾರ ಬಂದರೆ ಹುಲಿಗೆಮ್ಮನ ದರ್ಶನಕ್ಕೆ ಜನವೋ ಜನ. ಹೊಳೆಯಲ್ಲಿ ಸ್ನಾನ ಮಾಡುತ್ತಾರೆ. ಉಟ್ಟ ಬಟ್ಟೆ ಬಿಟ್ಟು ಹೋದರೆ ಪೀಡೆ ಕಳೆಯುತ್ತದೆ ಅಂತ ನೀರಿಗೆ ಬಿಡುತ್ತಾರೆ. ಹಳೆ ಕಾಲದಲ್ಲಿ ಅದು ಹತ್ತಿ ಬಟ್ಟೆ, ಕೊಳೆತು ಹೋಗುತ್ತಿತ್ತು. ಈಗ ಸಿಂಥೆಟಿಕ್ ಸೀರೆ, ಪಾಲಿಯೆಸ್ಟರ್ ಪ್ಯಾಂಟು. ಮೇಷ್ಟ್ರು ಹೇಳಿದ ಹಾಗೆ ತಳಕ್ಕೆ ಹೋಗಿ ಕಲ್ಲಿಗೆ ಸುತ್ತಿಕೊಳ್ಳುತ್ತದೆ. ನೀರು ಇಳಿದಾಗ ಬಂಡೆಗಳಿಗೆಲ್ಲ ಬಣ್ಣಬಣ್ಣದ ಬಟ್ಟೆ ಅಂಟಿಕೊಂಡು ಕೊಳಕಾಗಿ ಕಾಣುತ್ತದೆ.

2025ರಲ್ಲಿ ಪುಣ್ಯಕ್ಷೇತ್ರಗಳ ನದಿ ದಂಡೆಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು, ಬಟ್ಟೆ ನೀರಿಗೆ ಬಿಡುವುದನ್ನು ತಡೆಯಬೇಕು ಅಂತ ರಾಜ್ಯದ ಪರಿಸರ ಸಚಿವರು ಸೂಚನೆ ಕೊಟ್ಟರು. ನಾನು ಶಾಂಪೂ ಇಡುವುದು ಬಿಟ್ಟೆ. ವ್ಯಾಪಾರಕ್ಕೆ ಸ್ವಲ್ಪ ಏಟು ಬಿತ್ತು, ಅದಕ್ಕೆ ಬೇಜಾರಿಲ್ಲ. ನನ್ನ ಅಂಗಡಿಯ ಪಕ್ಕ ದೊಡ್ಡ ಬುಟ್ಟಿ ಇಟ್ಟಿದ್ದೇನೆ, ಬಟ್ಟೆ ಬಿಡುವುದಿದ್ದರೆ ಇದರಲ್ಲಿ ಬಿಡಿ, ಅಮ್ಮನಿಗೆ ಸಲ್ಲುತ್ತದೆ ಅಂತ ಹೇಳುತ್ತೇನೆ. ಬೈಯುವವರೂ ಇದ್ದಾರೆ. ಆದರೆ ವಯಸ್ಸಾದ ಹೆಂಗಸರು ಬೇಗ ಒಪ್ಪುತ್ತಾರೆ, ಒಬ್ಬರು ಹಾಕಿದರೆ ಜೊತೆಯವರೆಲ್ಲ ಹಾಕುತ್ತಾರೆ.

ಡ್ಯಾಂನಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆ ನೀರುನಾಯಿ ಸಂರಕ್ಷಣಾ ಪ್ರದೇಶ ಅಂತ 2015ರಲ್ಲಿ ಘೋಷಣೆ ಆಗಿದೆ. ನೀವು ಹೊಳೆಯಲ್ಲಿ ಇಳಿದು ಕೆಲಸ ಮಾಡುವುದಾದರೆ ಅರಣ್ಯ ಇಲಾಖೆಗೆ ತಿಳಿಸಿಯೇ ಇಳಿಯಿರಿ, ಮರಿ ಇರುವ ಪೊದೆಗಳ ಹತ್ತಿರ ಗದ್ದಲ ಆಗಬಾರದು. ಮತ್ತೆ, ಜನ ಸೇರಿದರೆ ಆಗುವುದಿಲ್ಲ ಅನ್ನಬೇಡಿ. 2019ರಲ್ಲಿ ನಮ್ಮ ಕೊಪ್ಪಳದ ಹಿರೇಹಳ್ಳವನ್ನು ಗವಿಮಠದ ಸ್ವಾಮೀಜಿ ಮುಂದೆ ನಿಂತು ಸ್ವಚ್ಛ ಮಾಡಿಸಿದರು. ಜಾಲಿಮುಳ್ಳು, ಕಸ ತುಂಬಿದ್ದ ಹಳ್ಳ ಅದು. ಊರೂರಿನವರು ಬಂದು ದುಡಿದರು.

ಗಂಗಾವತಿ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಉತ್ತರಗಳನ್ನು ಗುಂಪಿನಲ್ಲಿ ಓದಿ ಹೇಳಿದೆ. ಜಗಳ ಅರ್ಧ ಕಡಿಮೆಯಾಯಿತು. ಎಲ್ಲರೂ ಬಸ್ ಮಾಡಿಕೊಂಡು ಕುಮಟಾಕ್ಕೆ ಹೋಗುವುದು ಬೇಡ ಅಂತ ಆಯಿತು. ನಾಲ್ಕೈದು ಜನ ಮಾತ್ರ ಹೋಗಿ ಅಲ್ಲಿಯವರ ಜೊತೆ ಕೆಲಸ ಮಾಡಿ ಕಲಿತು ಬರುತ್ತೇವೆ. ಉಳಿದವರು ಇಲ್ಲೇ ಒಂದು ಹಳ್ಳದ ಬಾಯಲ್ಲಿ, ಅದು ಹೊಳೆ ಸೇರುವ ಮೊದಲು, ತೇಲುವ ಕಸ ತಡೆಯುವ ಕೆಲಸ ಮಾಡಬೇಕು ಅಂತಿದ್ದಾರೆ. ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ 2014ರಿಂದ ನೀರಿನ ಹರಿವು ಮತ್ತು ಸೋಲಾರ್‌ನಿಂದ ತಿರುಗುವ ಚಕ್ರ ಇಟ್ಟು ಕಸ ಎತ್ತುತ್ತಾರಂತೆ, ಅಷ್ಟು ದುಡ್ಡು ನಮ್ಮಲ್ಲಿಲ್ಲ. ಹಗ್ಗ, ಖಾಲಿ ಕ್ಯಾನು ಕಟ್ಟಿದರೆ ಆಗುತ್ತದಾ ಅಣ್ಣಾ? ಔಷಧಿ ಬಾಟಲಿ ಎತ್ತಿದರೆ ಏನು ಮಾಡಬೇಕು?

ಕಾಲುವೆ ಕಡೆಯವ, ಮುನಿರಾಬಾದ್

ಆಗುತ್ತದೆ ತಂಗಿ. ಆದರೆ ಮುಖ್ಯ ಕಾಲುವೆಗೆ ಮಾತ್ರ ಕೈ ಹಾಕಬೇಡಿ. ಅಲ್ಲಿನ ಸೆಳೆತ ಈಜು ಬಂದವರನ್ನೂ ಬಿಡುವುದಿಲ್ಲ, ಇಲಾಖೆ ಒಪ್ಪುವುದೂ ಇಲ್ಲ. ಸಣ್ಣ ಹಳ್ಳ ಆರಿಸಿ, ಮೊಣಕಾಲುದ್ದ ನೀರು ಇರುವ ಹೊತ್ತು ನೋಡಿ. ಪಂಚಾಯಿತಿಯಿಂದ, ನೀರಾವರಿ ಇಲಾಖೆಯಿಂದ ಒಂದು ಕಾಗದ ಪಡೆದುಕೊಳ್ಳಿ.

ಗಟ್ಟಿ ಹಗ್ಗಕ್ಕೆ ಮುಚ್ಚಳ ಬಿಗಿದ ಖಾಲಿ ಕ್ಯಾನು ಒತ್ತೊತ್ತಾಗಿ ಕಟ್ಟಿ. ಹಗ್ಗವನ್ನು ಹಳ್ಳಕ್ಕೆ ಅಡ್ಡ ನೇರವಾಗಿ ಎಳೆಯಬೇಡಿ, ನೇರ ಕಟ್ಟಿದರೆ ಕಸ ನಡುವೆ ಒಟ್ಟಾಗಿ ಕ್ಯಾನಿನ ಕೆಳಗೆ ನುಸುಳುತ್ತದೆ. ಓರೆಯಾಗಿ ಕಟ್ಟಿ. ಆಗ ನೀರೇ ಕಸವನ್ನು ಒಂದು ದಡಕ್ಕೆ ತಳ್ಳುತ್ತದೆ, ಅಲ್ಲಿ ನಿಂತು ಕುಂಟೆಯಿಂದ ಎಳೆದುಕೊಳ್ಳಬಹುದು. ಕ್ಯಾನಿನ ಕೆಳಗೆ ಗೇಣುದ್ದ ಗಟ್ಟಿ ಬಟ್ಟೆ ಇಳಿಬಿಟ್ಟರೆ ಸಾಕು. ಬಲೆ ಇಳಿಬಿಡಬೇಡಿ, ಮೀನು ಸಿಕ್ಕಿಕೊಳ್ಳುತ್ತದೆ, ನೀರುನಾಯಿಗೂ ಅಪಾಯ. ಕಟ್ಟಿ ಮರೆಯುವ ಕೆಲಸ ಅಲ್ಲ ಇದು. ದಿನಾ ಯಾರಾದರೂ ಹೋಗಿ ತೆಗೆಯಬೇಕು, ಜೋರು ಮಳೆ ಬರುತ್ತದೆ ಅಂದರೆ ಒಂದು ಕಡೆ ಹಗ್ಗ ಬಿಚ್ಚಿಡಬೇಕು. ಇಲ್ಲದಿದ್ದರೆ ಕ್ಯಾನುಗಳೇ ಕಸ ಆಗುತ್ತವೆ.

ಔಷಧಿ ಬಾಟಲಿಗೆ ಗ್ಲೌಸ್ ಇಲ್ಲದೆ ಕೈ ಹಾಕಬೇಡಿ, ಬೇರೆ ಕಸದ ಜೊತೆ ಬೆರೆಸಬೇಡಿ, ಸ್ವಚ್ಛ ಸಂಕೀರ್ಣದಲ್ಲಿ ಕಸ ಆರಿಸುವ ಹೆಂಗಸರ ಕೈಗೆ ಅದು ಹೋಗಬಾರದು. ಬೇರೆ ಚೀಲದಲ್ಲಿ ಹಾಕಿ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ರೈತರಿಗೆ ಹೇಳುವುದೇ ಇದ್ದರೆ, ಬಾಟಲಿ ಖಾಲಿಯಾದ ಕೂಡಲೇ ಮೂರು ಸಲ ನೀರು ಹಾಕಿ ಕುಲುಕಿ ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿಯಲು ಹೇಳಿ. ಔಷಧಿ ಹನಿಯೂ ಹಾಳಾಗುವುದಿಲ್ಲ, ಕಾಸಿನ ಮಾತು ಅಂದರೆ ಕೇಳುತ್ತಾರೆ. ಆಮೇಲೆ ತಳಕ್ಕೆ ತೂತು ಹೊಡೆದರೆ ಯಾರೂ ಮತ್ತೆ ನೀರು ತುಂಬಲು ಬಳಸುವುದಿಲ್ಲ.

ಕಾಲುವೆಗೆ ನೀರು ನಿಲ್ಲಿಸಿದ ಮೇಲೆ ಇನ್ನೊಂದು ಅವಕಾಶ ಇದೆ. ಬೇಸಿಗೆಯಲ್ಲಿ ಉಪಕಾಲುವೆ ಒಣಗಿರುತ್ತದೆ, ತೂಬಿನ ಬಾಯಲ್ಲಿ ವರ್ಷದ ಕಸ ಹಾಗೇ ಕೂತಿರುತ್ತದೆ. ಜೂನ್, ಜುಲೈಯಲ್ಲಿ ಮತ್ತೆ ನೀರು ಬಿಡುವ ಮೊದಲು ಅದನ್ನು ತೆಗೆದರೆ ಒಂದು ದಿನದಲ್ಲಿ ಹತ್ತು ದಿನದ ಕೆಲಸ ಆಗುತ್ತದೆ. ಆ ಹೊತ್ತಿಗೆ ನನ್ನನ್ನು ಕರೆಯಿರಿ, ಯಾವ ತೂಬು ಅಂತ ತೋರಿಸುತ್ತೇನೆ.

ಹೊಸೂರಿನವ

ಇದಾದರೆ ನಾನೂ ಬರುತ್ತೇನೆ. ಎತ್ತಿದ ಕವರ್, ಪ್ಯಾಕೆಟ್ ಮೇಲೆ ಯಾರ ಹೆಸರು ಎಷ್ಟು ಅಂತ ಬರೆದಿಡೋಣ. ತಯಾರಕರೇ ತಮ್ಮ ಪ್ಲಾಸ್ಟಿಕ್ ವಾಪಸ್ ಪಡೆಯುವ ಜವಾಬ್ದಾರಿ ಹೊರಬೇಕು ಅಂತ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲೇ ಇದೆ. ಆ ಪಟ್ಟಿ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಹೋಗೋಣ.

ಕುಮಟಾದವ, ಈಗ ತೋರಣಗಲ್ಲು

ನಾಲ್ಕೈದು ಜನ ಅಂದಿದ್ದು ಒಳ್ಳೆಯದಾಯಿತು. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿಗೆ ಬನ್ನಿ, ಆ ದಿನಗಳಲ್ಲಿ ನೀರು ಜಾಸ್ತಿ ಇಳಿಯುತ್ತದೆ, ಕಾಂಡ್ಲಾ ಬುಡ ಕಾಣುತ್ತದೆ. ಸೆಪ್ಟೆಂಬರ್ ಮೂರನೇ ಶನಿವಾರವೇ ಆಗಬೇಕು ಅಂತ ಹಟ ಬೇಡ. ಇಳಿತ ಶುರುವಾಗುವ ಹೊತ್ತಿಗೆ ಇಳಿದು, ನೀರು ತಿರುಗುವ ಮೊದಲು ದಡಕ್ಕೆ ಬಂದುಬಿಡಬೇಕು. ನಮ್ಮ ಚಿಕ್ಕಪ್ಪನ ಹತ್ತಿರ ಸಣ್ಣ ದೋಣಿ ಇದೆ, ಬಳಚು ತೆಗೆಯುವವರ ಜೊತೆ ಅವರೇ ಕರೆದುಕೊಂಡು ಹೋಗುತ್ತಾರೆ. ಗೋಣಿಚೀಲ ನಿಮ್ಮ ಕಡೆಯಿಂದಲೇ ತನ್ನಿ, ಗಂಗಾವತಿಯ ರೈಸ್‌ಮಿಲ್‌ಗಳಲ್ಲಿ ಹಳೆಯದು ಸುಲಭವಾಗಿ ಸಿಗುತ್ತದೆ. ದಿನ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಉಳಿದುಕೊಳ್ಳುವ ವ್ಯವಸ್ಥೆ ನಾನು ಮಾಡಿಸುತ್ತೇನೆ.